ಇಪ್ಪತ್ತೆಂಟು ಇಂಚಿನ ಗಾಲಿಗೆ ಮತ್ತೆ ಎಣ್ಣೆ

ಬೆಳಗಾವಿ–ಬಾಗಲಕೋಟೆ ರಸ್ತೆಯನ್ನು ಸವದತ್ತಿ–ಗೋಕಾಕ ದಾರಿ ಹಾಯುವ ಊರು ಯರಗಟ್ಟಿ. ಟ್ರ್ಯಾಕ್ಟರು, ಬೈಕುಗಳ ಈ ಕಾಲದಲ್ಲೂ ಸುತ್ತಲಿನ ಹಳ್ಳಿಗಳ ದನದ ಮನೆಗಳಲ್ಲಿ ಅಜ್ಜನ ಕಾಲದ ಸೈಕಲ್ಲೊಂದು ಗೋಡೆಗೆ ಆತು ನಿಂತಿದ್ದರೆ ಅಚ್ಚರಿಯಿಲ್ಲ. ಗುಜರಿಯವನ ತಕ್ಕಡಿಗೆ ಏರಿಸುವ ಮೊದಲು ಅದರ ಪೆಡಲಿನ ಹಲ್ಲುಚಕ್ರವನ್ನು ಒರೆಸಿ ನೋಡಿ. ಕೊಕ್ಕರೆಯ ತಲೆಗಳು ಕಂಡರೆ ರ‍್ಯಾಲಿ, ಅಂಗೈ ಕಂಡರೆ ರಡ್ಜ್, ಕುಣಿಯುವ ಮನುಷ್ಯರಿದ್ದರೆ ಹಂಬರ್. ಹ್ಯಾಂಡಲಿನ ಕೆಳಗಿನ ಬಿಲ್ಲೆಯಲ್ಲಿ ಮೂರು ಬಂದೂಕು ಒರಗಿ ನಿಂತಿದ್ದರೆ ಬಿಎಸ್‌ಎ. ಬರ್ಮಿಂಗ್‌ಹ್ಯಾಮಿನ ಈ ಕಂಪನಿ ಮೊದಲು ಮಾಡುತ್ತಿದ್ದದ್ದೇ ಬಂದೂಕು.

ಎಲ್ಲವೂ ವಿಲಾಯತಿ ಮಾಲೇ ಎಂದು ಹಿಗ್ಗಬೇಕಿಲ್ಲ. ಮದ್ರಾಸಿನಲ್ಲಿ 1949ರಲ್ಲಿ ಹುಟ್ಟಿದ ಟಿ.ಐ. ಸೈಕಲ್ಸ್ ಹರ್ಕ್ಯುಲಿಸ್ ತಯಾರಿಸಿತು. ಆಸನ್‌ಸೋಲಿನಲ್ಲಿ ಸೆನ್-ರ‍್ಯಾಲಿ ಬಂತು. ಸೋನಿಪತದಿಂದ ಅಟ್ಲಾಸ್, ಲುಧಿಯಾನದಿಂದ 1956ರ ಹೀರೊ. ಅಟ್ಲಾಸ್ ತನ್ನ ಸಾಹಿಬಾಬಾದ್ ಕಾರ್ಖಾನೆಯನ್ನು ನಿಲ್ಲಿಸಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನ.

ಸೈಕಲ್ಲನ್ನು ಬಿಚ್ಚಿದ ಕೂಡಲೇ ಬಣ್ಣ ಹೊಡೆಯುವ ಆತುರ ಬೇಡ. ಮೊದಲು ಸೀಮೆಎಣ್ಣೆ, ಅರಿವೆ, ತಾಳ್ಮೆ. ಪೆಡಲಿನ ತೋಳನ್ನು ಹಿಡಿದಿರುವ ಕಾಟರ್ ಪಿನ್ನಿಗೆ ಸುಮ್ಮನೆ ಸುತ್ತಿಗೆ ಬೀಸಿದರೆ ಒಳಗಿನ ಬಟ್ಟಲು, ಗುಂಡುಗಳಿಗೆ ಪೆಟ್ಟು. ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಸಿ, ತೋಳಿನಡಿ ಕಬ್ಬಿಣದ ಕೊಳವೆ ಆನಿಸಿ ಒಂದೇ ಏಟು ಕೊಡಬೇಕು. ಆ ಬಟ್ಟಲಲ್ಲೇ ಇನ್ನೊಂದು ತೊಡಕಿದೆ. ಹಳೆ ರ‍್ಯಾಲಿಯ ತಿರುಪಿನ ಎಳೆ ಇಂಚಿಗೆ 26, ಉಳಿದವರದು 24. ಅಂಗಡಿಯ ಹೊಸ ಬಟ್ಟಲನ್ನು ಒತ್ತಿ ತಿರುಗಿಸಿದರೆ ಫ್ರೇಮಿನ ಎಳೆಯೇ ಹಾಳು.

ಹಿಂಗಾಲಿಯಲ್ಲಿ ಸ್ಟರ್ಮಿ-ಆರ್ಚರ್ ಗೇರಿದ್ದರೆ ಅದೃಷ್ಟ. ಮೂರು ಗೇರುಗಳ ಆ ಹಬ್ಬಿನ ಮೇಲೆ ತಯಾರಾದ ವರ್ಷವನ್ನೇ ಕೊರೆದಿರುತ್ತಾರೆ. ಸೈಕಲ್ಲಿನ ವಯಸ್ಸು ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ನಡುವಿನ ಗೇರಿನಲ್ಲಿ ಗಾಲಿ ನೇರ ತಿರುಗುತ್ತದೆ, ಏರಿಗೆ ಕಾಲುಭಾಗ ನಿಧಾನ, ಇಳಿಜಾರಿಗೆ ಮೂರನೇ ಒಂದು ಭಾಗ ವೇಗ. ಎಷ್ಟೋ ಸಲ ಅದಕ್ಕೆ ಬೇಕಿರುವುದು ನಾಲ್ಕು ಹನಿ ತೆಳು ಎಣ್ಣೆ ಮಾತ್ರ.

ಮುಂದೆ 32, ಹಿಂದೆ 40 ಕಡ್ಡಿ. ಗಾಲಿಯ ಔಟ್, ಅಂದರೆ ಓಲಾಟ, ತೆಗೆಯುವುದು ಮೇಸ್ತ್ರಿಯ ಕೈಗೇ ಬಿಡಬೇಕಾದ ಕೆಲಸ. ಟೈರಿನ ಚಿಂತೆ ಮಾತ್ರ ನಮಗಿಲ್ಲ. ಇಪ್ಪತ್ತೆಂಟು–ಒಂದೂವರೆ ಇಂಚಿನ ಟೈರನ್ನು ಲಂಡನ್ನಿನ ಹವ್ಯಾಸಿ ಹುಡುಕಾಡಿ ತರಿಸಿಕೊಳ್ಳಬೇಕು. ನಮಗೆ ಸಂತೆಯೂರಿನ ಸೈಕಲ್ ಅಂಗಡಿಯಲ್ಲೇ ಸಿಗುತ್ತದೆ. ಮೂಲ ಬಣ್ಣದ ಮೇಲಿನ ಬಂಗಾರದ ಗೆರೆ ಅರ್ಧವಾದರೂ ಉಳಿದಿದ್ದರೆ ಅದನ್ನು ಮುಟ್ಟಬಾರದು. ಥಳಥಳಿಸುವ ಹೊಸ ಪೇಂಟಿನ ರ‍್ಯಾಲಿ ನನಗಂತೂ ಮದುವೆ ಮನೆಯ ಬಾಡಿಗೆ ಕುದುರೆಯ ಹಾಗೆ ಕಾಣುತ್ತದೆ.

ಸೈಕಲ್ಲನ್ನು ಬೇಕಾದಂತೆ ಮಾರ್ಪಡಿಸುವ ಚಟ ಪೇಟೆಯವರಿಂದ ಬಂದದ್ದಲ್ಲ. ಹಾಲಿನ ಕ್ಯಾನಿಗೆ ಕೊಕ್ಕೆ, ಐಸ್‌ಕ್ಯಾಂಡಿಗೆ ಪೆಟ್ಟಿಗೆ, ಸಾಣೆ ಹಿಡಿಯುವವನಿಗೆ ಪೆಡಲಿನಿಂದಲೇ ತಿರುಗುವ ಕಲ್ಲು, ಎಲ್ಲವೂ ಬೆಸುಗೆ ಅಂಗಡಿಯಲ್ಲೇ ಹುಟ್ಟಿದವು. ಎಲ್ಲಕ್ಕಿಂತ ಜಾಣತನದ್ದು ಸೈಕಲ್ ಎಡಿಕುಂಟಿ. ಮುಂಗಾಲಿ, ಹ್ಯಾಂಡಲ್ ಉಳಿಸಿಕೊಂಡು ಹಿಂದೆ ಕುಡ ಜೋಡಿಸಿದರೆ ಎತ್ತಿಲ್ಲದವನೂ ಗೋವಿನಜೋಳದ ಸಾಲಿನಲ್ಲಿ ಕಳೆ ತೆಗೆಯಬಹುದು. ಮಹಾರಾಷ್ಟ್ರದ ಜಳಗಾವ ಜಿಲ್ಲೆಯ ರೈತ ಗೋಪಾಳ ಮಲ್ಹಾರಿ ಭಿಸೆ ಇಂಥದನ್ನೇ ‘ಕೃಷಿರಾಜ’ ಎಂದು ರೂಪಿಸಿ ಹೆಸರಾದರು. ಹಳೆ ಫ್ರೇಮು ಹೊಲ ಸೇರಿತೆಂದು ಸಂಗ್ರಾಹಕರು ಮರುಗುತ್ತಾರೆ. ಬಿರುಕು ಬಿಟ್ಟ ಫ್ರೇಮಿಗೆ ಹೊಲವೇ ಸರಿಯಾದ ಜಾಗ ಎಂಬುದು ನನ್ನ ಅಭಿಪ್ರಾಯ.

ಎರಡು ಫ್ರೇಮು ಕೂಡಿಸಿ ಇಬ್ಬರು ತುಳಿಯುವ ಟ್ಯಾಂಡೆಮ್ ಮಾಡುವ ಉಮೇದಿನವರಿಗೆ ಮಾತ್ರ ಎಚ್ಚರಿಕೆ ಬೇಕು. ಪ್ಯಾರಾಲಿಂಪಿಕ್ಸಿನಲ್ಲಿ ಕಣ್ಣು ಕಾಣದ ಸ್ಪರ್ಧಿಗಳು ಹಿಂದೆ ಕುಳಿತು ತುಳಿಯುವುದು ಇಂಥ ಸೈಕಲ್ಲನ್ನೇ. ಸಾಮಾನ್ಯವಾಗಿ ಇಬ್ಬರ ಪೆಡಲನ್ನೂ ಒಂದೇ ಲಯದಲ್ಲಿಡಲು ಎಡಗಡೆ ಒಂದು ಚೈನು, ಗಾಲಿ ತಿರುಗಿಸಲು ಬಲಗಡೆ ಇನ್ನೊಂದು. ಎಡ ಚೈನು ಸಡಿಲವಾಗದಂತೆ ಮುಂದಿನ ಪೆಡಲಿನ ಅಚ್ಚನ್ನು ಸರಿಸಿ ಬಿಗಿ ಮಾಡುವ ಏರ್ಪಾಟು ಬೇಕು. ಇಬ್ಬರ ಭಾರಕ್ಕೆ ಹಳೆಯ ಸಲಾಕೆ ಬ್ರೇಕು ಸಾಲದು. ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮಿನ ಮೇಲೆ ಅದು ಒಬ್ಬನನ್ನು ನಿಲ್ಲಿಸುವುದೇ ಕಷ್ಟ. ಎರಡೂ ಗಾಲಿಗೆ ಡ್ರಮ್ ಬ್ರೇಕು ಕೂಡಿಸಿ, ಮೊದಲು ಖಾಲಿ ಮೈದಾನದಲ್ಲಿ ಓಡಿಸಿ ನೋಡಬೇಕು.