ಮಸುಕು ಚಿತ್ರವೇ ಮೇಲು

ಕಾಡು ಬೋಳಾದದ್ದು ಸರ್ಕಾರದ ಲೆಕ್ಕಕ್ಕೆ ಸಿಗುವ ಹೊತ್ತಿಗೆ ಅಲ್ಲಿ ದನಗಳು ಮೇಯುತ್ತಿದ್ದವು. ಈ ಶತಮಾನದ ಮೊದಲ ವರ್ಷಗಳಲ್ಲಿ ಬ್ರೆಜಿಲ್‌ನ ಅಮೆಜಾನ್ ಕಾಡಿನ ಪಾಡು ಇದೇ ಆಗಿತ್ತು.

ಲೆಕ್ಕ ಇಡುವವರಿಗೇನೂ ಕೊರತೆ ಇರಲಿಲ್ಲ. ಆ ದೇಶದ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ‘ಇನ್ಪೆ’ 1988ರಿಂದ ವರ್ಷಕ್ಕೊಮ್ಮೆ ಕಡಿದ ಕಾಡಿನ ಅಳತೆ ತೆಗೆಯುತ್ತಿತ್ತು. ಅದಕ್ಕೆ ಬಳಸುತ್ತಿದ್ದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು ಬಲು ಸ್ಪಷ್ಟ. ಒಂದೊಂದು ಚುಕ್ಕೆಯೂ ನೆಲದ ಮೇಲಿನ 30 ಮೀಟರ್ ಚೌಕ. ಆದರೆ ಆ ಉಪಗ್ರಹ ಅದೇ ಜಾಗದ ಮೇಲೆ ಮತ್ತೆ ಹಾಯುವುದು 16 ದಿನಕ್ಕೊಮ್ಮೆ. ಆ ದಿನ ಮೋಡ ಕವಿದಿದ್ದರೆ ಅದೂ ಇಲ್ಲ. ಹೀಗೆ ಸಿಗುತ್ತಿದ್ದ ವಾರ್ಷಿಕ ಅಂಕಿ, ಯುದ್ಧ ಮುಗಿದ ಮೇಲೆ ಬರುವ ಸತ್ತವರ ಪಟ್ಟಿಯಂತೆ ಕರಾರುವಾಕ್ಕಾಗಿತ್ತು. 2004ರಲ್ಲಿ ಆ ಅಂಕಿ 27,772 ಚದರ ಕಿಲೋಮೀಟರ್ ಮುಟ್ಟಿತು. ಅಂದಿನ ಬ್ರೆಜಿಲ್‌ನಲ್ಲಿ ಕಾರ್ಖಾನೆ, ವಾಹನಗಳಿಗಿಂತ ಹೆಚ್ಚು ಇಂಗಾಲವನ್ನು ಗಾಳಿಗೆ ಸೇರಿಸುತ್ತಿದ್ದದ್ದು ಹೀಗೆ ಕಡಿದು ಸುಟ್ಟ ಕಾಡೇ.

1999ರ ಕೊನೆಯಲ್ಲಿ ನಾಸಾ ‘ಟೆರಾ’ ಎಂಬ ಉಪಗ್ರಹವನ್ನು ಹಾರಿಸಿತ್ತು. ಅದರಲ್ಲಿದ್ದ ‘ಮೋಡಿಸ್’ ಉಪಕರಣದ ಚಿತ್ರಗಳು ಮಸುಕು. ಅದರ ಅತಿ ಸೂಕ್ಷ್ಮ ಚುಕ್ಕೆಯೂ 250 ಮೀಟರ್ ಚೌಕ, ಅಂದರೆ ಸುಮಾರು 15 ಎಕರೆ. ಕಾಡಿನ ಅಳತೆಗೆ ಇದು ಏನೇನೂ ಸಾಲದು. ಆದರೆ ಅದು ಹೆಚ್ಚುಕಡಿಮೆ ದಿನವೂ ಬಂದು ನೋಡಿ ಹೋಗುತ್ತದೆ. ಇನ್ಪೆಯವರು ಪ್ರಶ್ನೆಯನ್ನೇ ಬದಲಿಸಿಕೊಂಡರು. ಎಷ್ಟು ಕಾಡು ಹೋಯಿತು ಎಂಬುದನ್ನು ಪಕ್ಕಕ್ಕಿಟ್ಟು, ಈಗ ಎಲ್ಲಿ ಹೋಗುತ್ತಿದೆ ಎಂದು ಕೇಳಿದರು. ಈ ಪ್ರಶ್ನೆಗೆ ಮಸುಕು ಚಿತ್ರ ಸಾಕು.

ಉತ್ತರ ಹುಡುಕುವ ಉಪಾಯ ಅವರ ಕೈಯಲ್ಲೇ ಇತ್ತು. ಇನ್ಪೆಯ ಯೋಸಿಯೊ ಶಿಮಾಬುಕುರೊ 1991ರಲ್ಲೇ ಸಹೋದ್ಯೋಗಿಯೊಬ್ಬರ ಜೊತೆ ಒಂದು ಗಣಿತ ವಿಧಾನವನ್ನು ಪ್ರಕಟಿಸಿದ್ದರು. ಚಿತ್ರದ ಒಂದು ಚುಕ್ಕೆಯಲ್ಲಿ ಬೆರೆತಿರುವ ಬೆಳಕನ್ನು ಮಣ್ಣು, ಎಲೆ, ನೆರಳು ಎಂದು ಬಿಡಿಸಿ, ಯಾವುದು ಎಷ್ಟು ಪಾಲು ಎಂದು ಹೇಳುವ ವಿಧಾನ ಅದು. ದಟ್ಟ ಕಾಡಿನ ಮರಗಳ ನೆತ್ತಿ ಏರುತಗ್ಗಾಗಿರುವುದರಿಂದ ಅಲ್ಲಿ ನೆರಳು ಜಾಸ್ತಿ, ಮಣ್ಣು ಕಾಣುವುದೇ ಇಲ್ಲ. ಕಡಿದ ಕಡೆ ಮಣ್ಣಿನ ಪಾಲು ದಿಢೀರನೆ ಏರುತ್ತದೆ. ಚಿತ್ರ ಎಷ್ಟೇ ಒರಟಾಗಿದ್ದರೂ ಈ ಏರಿಕೆ ಮರೆಯಾಗದು.

ರಬ್ಬರ್ ಹಾಲು ಇಳಿಸುವವರ ಮನೆಯಲ್ಲಿ ಹುಟ್ಟಿ, ಹದಿನಾರರ ವಯಸ್ಸಿನಲ್ಲಿ ಅಕ್ಷರ ಕಲಿತ ಮರೀನಾ ಸಿಲ್ವಾ 2003ರಲ್ಲಿ ಪರಿಸರ ಸಚಿವೆಯಾದರು. ಮರುವರ್ಷ ಅಮೆಜಾನ್ ಉಳಿಸುವ ಸರ್ಕಾರಿ ಯೋಜನೆ ಬಂತು. ಅದರ ಕಣ್ಣಾಗಿ ‘ಡೆಟರ್’ ಎಂಬ ಎಚ್ಚರಿಕೆ ವ್ಯವಸ್ಥೆಯೂ ಬಂತು. 25 ಹೆಕ್ಟೇರಿಗಿಂತ ದೊಡ್ಡ ಗಾಯ ಕಂಡರೆ ಅದರ ನಕ್ಷೆ, ಕಡಿಯುವವರು ಇನ್ನೂ ಸ್ಥಳದಲ್ಲಿರುವಾಗಲೇ, ‘ಇಬಾಮಾ’ದ ಪರಿಸರ ಪಹರೆಯವರ ಕೈ ಸೇರತೊಡಗಿತು. ಯಾರು ಬೇಕಾದರೂ ನೋಡಲು ಆ ನಕ್ಷೆಗಳನ್ನು ಮುಕ್ತವಾಗಿಟ್ಟರು. ನನ್ನ ದೃಷ್ಟಿಯಲ್ಲಿ ಗಣಿತದಷ್ಟೇ ದೊಡ್ಡ ಹೆಜ್ಜೆ ಅದು.

2012ಕ್ಕೆ ಕಡಿತ 4,571 ಚದರ ಕಿಲೋಮೀಟರಿಗೆ ಇಳಿದಿತ್ತು. ಆದರೆ ಇಳಿಸಿದ್ದು ಯಾವುದು? ನಡುವೆ ಸೋಯಾ, ಮಾಂಸದ ಬೆಲೆ ಬಿದ್ದಿದ್ದವು. ಹೊಸದಾಗಿ ಕಡಿದ ನೆಲದ ಸೋಯಾ ಕೊಳ್ಳುವುದಿಲ್ಲವೆಂದು 2006ರಲ್ಲಿ ವ್ಯಾಪಾರಿಗಳು ಒಪ್ಪಿದ್ದರು. 2008ರಲ್ಲಿ ಅಮೆಜಾನ್ ಸೀಮೆಯ ಕೃಷಿ ಸಾಲದ ನಿಯಮ ಬಿಗಿಯಾಗಿತ್ತು.

ಇವುಗಳ ನಡುವೆ ಡೆಟರ್‌ನ ಪಾಲನ್ನು ಬೇರ್ಪಡಿಸಿ ನೋಡಲು ನೆರವಿಗೆ ಬಂದದ್ದು ಮೋಡ. ಜುಲಿಯಾನೊ ಅಸುನ್ಸಾವ್ ಮತ್ತು ಜೊತೆಯ ಅರ್ಥಶಾಸ್ತ್ರಜ್ಞರು ಒಂದು ಸರಳ ಸಂಗತಿಯನ್ನು ಹಿಡಿದರು. ಮೋಡ ಕವಿದ ಕಡೆ ಡೆಟರ್ ಕುರುಡು. ಮೋಡ ಬೆಲೆ ನೋಡಿ, ಸಾಲ ನೋಡಿ ಕವಿಯುವುದಿಲ್ಲ. ಹಾಗಾಗಿ ಹೆಚ್ಚು ಮೋಡವಿದ್ದ ತಾಲ್ಲೂಕುಗಳನ್ನೂ ಕಡಿಮೆ ಇದ್ದವನ್ನೂ ಹೋಲಿಸಿದರು. ಮೋಡ ಹೆಚ್ಚಿದ್ದಲ್ಲಿ ದಂಡ ಕಡಿಮೆ ಬಿದ್ದಿತ್ತು, ಮರುವರ್ಷ ಕಡಿತ ಹೆಚ್ಚಿತ್ತು. ಮಳೆ, ಬಿಸಿಲಿನ ಪ್ರಭಾವವನ್ನು ಕಳೆದು ನೋಡಿದರೂ ಫಲಿತಾಂಶ ಅದೇ. ಕಾಡನ್ನು ಉಳಿಸುವಲ್ಲಿ ಕಾವಲಿಗೆ ನಿಜಕ್ಕೂ ಪಾಲಿದೆ ಎಂಬುದಕ್ಕೆ ಇಷ್ಟು ಸೊಗಸಾದ ಸಾಕ್ಷಿ ನನಗೆ ಬೇರೆ ಕಂಡಿಲ್ಲ.

ಕಡಿಯುವವರೂ ಕಲಿತರು. 25 ಹೆಕ್ಟೇರ್ ದಾಟದಂತೆ ಚೂರುಚೂರಾಗಿ ಕಡಿದರು. 2015ರಲ್ಲಿ ಇನ್ಪೆ ಕಣ್ಣನ್ನು ಚುರುಕುಗೊಳಿಸಿತು. ಅದಕ್ಕೆ ಬಳಸಿದ್ದು ಚೀನಾ ಜೊತೆ ತಾನೇ ಕಟ್ಟಿದ ಉಪಗ್ರಹದ ಕ್ಯಾಮೆರಾ ಮತ್ತು ನಮ್ಮ ಇಸ್ರೋದ ರಿಸೋರ್ಸ್‌ಸ್ಯಾಟ್-2ರ 56 ಮೀಟರಿನ ‘ಎವಿಫ್ಸ್’ ಕ್ಯಾಮೆರಾ.

ಕಣ್ಣೊಂದೇ ಸಾಲದು ಎಂಬುದೂ ಆಮೇಲೆ ಸಾಬೀತಾಯಿತು. 2019ರಲ್ಲಿ ಏರುತ್ತಿದ್ದ ಅಂಕಿಗಳನ್ನು ಅಧ್ಯಕ್ಷ ಬೊಲ್ಸೊನಾರೊ ಸುಳ್ಳೆಂದರು. ಅವನ್ನು ಸಮರ್ಥಿಸಿದ ಇನ್ಪೆ ನಿರ್ದೇಶಕ ರಿಕಾರ್ಡೊ ಗಾಲ್ವಾವ್ ಕೆಲಸ ಕಳೆದುಕೊಂಡರು. ಎಚ್ಚರಿಕೆ ಬರುತ್ತಲೇ ಇತ್ತು, ಪಹರೆ ಸಡಿಲಾಯಿತು. 2021ರಲ್ಲಿ ಕಡಿತ 13,000 ಚದರ ಕಿಲೋಮೀಟರ್ ಮೀರಿತು. ಮರೀನಾ ಸಿಲ್ವಾ 2023ರಲ್ಲಿ ಸಚಿವೆಯಾಗಿ ಮರಳಿದ ಮೇಲೆ ಮತ್ತೆ ಇಳಿಯಿತು.

ನಮ್ಮ ಅರಣ್ಯ ಸಮೀಕ್ಷಾ ಸಂಸ್ಥೆಯ ವರದಿಗೂ ಆಧಾರ ರಿಸೋರ್ಸ್‌ಸ್ಯಾಟ್‌ನದೇ ಇನ್ನೊಂದು ಕ್ಯಾಮೆರಾ. ವರದಿ ಮಾತ್ರ ಬರುವುದು ಎರಡು ವರ್ಷಕ್ಕೊಮ್ಮೆ. ಬೆಂಗಳೂರಿನಲ್ಲಿ ಕಟ್ಟಿದ ಉಪಗ್ರಹ ಅಮೆಜಾನಿಗೆ ಕಾವಲಾಗಬಲ್ಲದು ಎಂದಾದರೆ, ಪಶ್ಚಿಮ ಘಟ್ಟದಲ್ಲಿ ಎಲ್ಲಿ ಮರ ಬೀಳುತ್ತಿದೆ ಎಂಬ ನಕ್ಷೆಯನ್ನು ವಾರವಾರವೂ, ಎಲ್ಲರ ಕಣ್ಣಿಗೂ ಬೀಳುವಂತೆ ಪ್ರಕಟಿಸಿ ಎಂದು ನಾವು ಸರ್ಕಾರವನ್ನು ಕೇಳಬೇಕು.