ಜನರೇಟರ್‌ನ ಹೊಗೆಕೊಳವೆ: ದುರಸ್ತಿ ಖಾತೆಯ ಒಂದು ಸಣ್ಣ ನಮೂದು

ವರ್ಷಾಂತ್ಯದ ಲೆಕ್ಕ ಪರಿಶೋಧನೆಯ ಕಾಲದಲ್ಲಿ ‘ದುರಸ್ತಿ ಮತ್ತು ನಿರ್ವಹಣೆ’ ಖಾತೆಯ ಮೇಲೆ ಯಾರ ದೃಷ್ಟಿಯೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೊತ್ತಗಳು ಚಿಕ್ಕವು, ರಸೀದಿಗಳು ಇನ್ನೂ ಚಿಕ್ಕವು. ಆದರೆ ನಮ್ಮ ಜಿಲ್ಲೆಯ ಸಣ್ಣ ಕೈಗಾರಿಕೆಗಳ ಪುಸ್ತಕಗಳಲ್ಲಿ ಒಂದು ನಮೂದು ಮಾತ್ರ ಪದೇ ಪದೇ ಎದುರಾಗುತ್ತದೆ: ‘ಜನರೇಟರ್ ಸೈಲೆನ್ಸರ್ ಪೈಪ್ ವೆಲ್ಡಿಂಗ್’. ಯುಗಾದಿಯ ಹೊತ್ತಿಗೆ ಒಮ್ಮೆ, ಆಷಾಢದಲ್ಲಿ ಮತ್ತೊಮ್ಮೆ, ದೀಪಾವಳಿಗೆ ಮುನ್ನ ಇನ್ನೊಮ್ಮೆ. ಒಂದೇ ಜಾಗವನ್ನು ವರ್ಷಕ್ಕೆ ಮೂರು ಬಾರಿ ಬೆಸೆಯಬೇಕಾಗಿ ಬಂದಿದ್ದರೆ ಅದು ಬೆಸುಗೆಯಿಂದ ವಾಸಿಯಾಗುವ ಕಾಯಿಲೆಯಲ್ಲ ಎಂದೇ ತಿಳಿಯಬೇಕು.

ಶಿವನಸಮುದ್ರದಿಂದ ವಿದ್ಯುತ್ತು ಮೊದಲು ಹರಿದದ್ದು ನಮ್ಮ ಜಿಲ್ಲೆಯ ಚಿನ್ನದ ಗಣಿಗಳಿಗೆ. ಅದು 1902ನೇ ಇಸವಿ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಗಳ ನಂತರ. ಅಂತಹ ಹಿರಿಮೆಯ ಜಿಲ್ಲೆಯಲ್ಲಿಯೂ ಇಂದು ಮಾಲೂರಿನ ಕೈಗಾರಿಕಾ ಪ್ರದೇಶದಿಂದ ಮುಳಬಾಗಿಲಿನ ಅಕ್ಕಿ ಗಿರಣಿಯವರೆಗೆ, ಶ್ರೀನಿವಾಸಪುರದ ಮಾವಿನ ತಿರುಳಿನ ಘಟಕದಿಂದ ಕೋಲಾರದ ಶೈತ್ಯಾಗಾರದವರೆಗೆ ಡೀಸೆಲ್ ಜನರೇಟರ್ ಇಲ್ಲದೆ ವ್ಯವಹಾರ ನಡೆಸುವ ಧೈರ್ಯ ಯಾರಿಗೂ ಇಲ್ಲ. ಎಂಜಿನ್ನಿಗೆ ಆಯಿಲ್ ಬದಲಾಯಿಸುತ್ತೇವೆ, ಬ್ಯಾಟರಿಗೆ ನೀರು ಹಾಕುತ್ತೇವೆ. ಹೊಗೆ ಹೊರಹೋಗುವ ದಾರಿಯನ್ನು ಮಾತ್ರ ಅದು ಸದ್ದು ಮಾಡುವವರೆಗೆ ನೋಡುವುದಿಲ್ಲ.

ಎಂಜಿನ್ನಿನ ಹೊಗೆ ಹೊರಡುವ ಬಾಯಿಗೂ ಸೈಲೆನ್ಸರಿಗೂ ನಡುವೆ ಸುಕ್ಕುಸುಕ್ಕಾದ ಒಂದು ತುಂಡು ಕೊಳವೆ ಇರುತ್ತದೆ. ನಮ್ಮ ಮೆಕ್ಯಾನಿಕರು ಅದನ್ನು ಬೆಲ್ಲೋಸ್ ಅಥವಾ ಫ್ಲೆಕ್ಸಿಬಲ್ ಎನ್ನುತ್ತಾರೆ. ತೆಳುವಾದ ಸ್ಟೇನ್‌ಲೆಸ್ ಸ್ಟೀಲಿನಿಂದ ಮಾಡಿದ ಈ ತುಂಡಿಗೆ ಎರಡು ಕೆಲಸ. ಎಂಜಿನ್ನಿನ ಅದುರುವಿಕೆ ಮೇಲಿನ ಕೊಳವೆಗೆ ತಾಗದಂತೆ ತಡೆಯುವುದು ಮೊದಲನೆಯದು. ಕೊಳವೆ ಕಾದು ಹಿಗ್ಗಿದಾಗ ಆ ಹಿಗ್ಗನ್ನು ನುಂಗಿಕೊಳ್ಳುವುದು ಎರಡನೆಯದು. ಪೂರ್ಣ ಹೊರೆಯಲ್ಲಿ ಹೊಗೆಯ ಉಷ್ಣತೆ 400ರಿಂದ 550 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಉಕ್ಕಿನ ಕೊಳವೆ ಪ್ರತಿ ಮೀಟರಿಗೆ ಪ್ರತಿ 100 ಡಿಗ್ರಿಗೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಆರು ಮೀಟರ್ ಉದ್ದದ ಕೊಳವೆ 300 ಡಿಗ್ರಿಯಷ್ಟು ಕಾದರೆ ಎರಡು ಸೆಂಟಿಮೀಟರಿಗೂ ಹೆಚ್ಚು ಬೆಳೆಯಿತೆಂದಾಯಿತು. ಈ ಬೆಳವಣಿಗೆಗೆ ಜಾಗ ಕೊಡುವುದು ಬೆಲ್ಲೋಸ್ ಒಂದೇ.

ಸಮುದ್ರದ ಮೋಟಾರು ದೋಣಿಗಳಲ್ಲಿ ಇದೇ ಜಾಗದಲ್ಲಿ ಬಹುಮಟ್ಟಿಗೆ ರಬ್ಬರಿನ ಕೊಳವೆ ಇರುತ್ತದೆ. ಹೊಗೆಯೊಳಕ್ಕೇ ಸಮುದ್ರದ ನೀರನ್ನು ಚಿಮ್ಮಿಸಿ ತಣಿಸುವುದರಿಂದ ರಬ್ಬರು ತಾಳಿಕೊಳ್ಳುತ್ತದೆ. ನೀರಿನ ಪಂಪು ನಿಂತರೆ ಕೊಳವೆ ಒಳಗಿನಿಂದಲೇ ಸುಟ್ಟು, ದೋಣಿಯೊಳಗೆ ಹೊಗೆಯೂ ನೀರೂ ನುಗ್ಗುತ್ತವೆ. ಅಲ್ಲಿ ಜೀವಭಯ ಕಣ್ಣೆದುರಿಗೇ ಇರುವುದರಿಂದ ಯಾರೂ ಅದನ್ನು ಮುಂದೂಡುವುದಿಲ್ಲ. ನೀರೇ ಅಪರೂಪವಾದ ನಮ್ಮ ಸೀಮೆಯಲ್ಲಿ ಜನರೇಟರ್ ನೆಲದ ಮೇಲಿದೆ, ಮುಳುಗುವ ಭಯವಿಲ್ಲ. ಆ ಕಾರಣಕ್ಕೇ ಉದಾಸೀನ.

ಬೆಲ್ಲೋಸ್ ತಾನಾಗಿ ಕೆಡುವುದು ಕಡಿಮೆ, ನಾವು ಕೆಡಿಸುವುದೇ ಹೆಚ್ಚು. ಮೇಲಿನ ಕೊಳವೆಗೂ ಸೈಲೆನ್ಸರಿಗೂ ಗೋಡೆಯಿಂದಲೋ ಛಾವಣಿಯಿಂದಲೋ ಆಧಾರ ಕೊಡದೆ ಅವುಗಳ ಭಾರವನ್ನೆಲ್ಲ ಅದರ ಮೇಲೆ ಹೊರಿಸುವುದು ಅತಿ ಸಾಮಾನ್ಯವಾದ ತಪ್ಪು. ಎರಡು ಫ್ಲಾಂಜ್‌ಗಳು ಒಂದಕ್ಕೊಂದು ನೇರವಾಗಿ ಕೂರದಿದ್ದಾಗ ಕೊಳವೆಯನ್ನೇ ತಿರುಚಿ ಬೋಲ್ಟ್ ಹಾಕುವುದು ಮತ್ತೊಂದು. ಬೆಲ್ಲೋಸ್ ಬಾಗುವುದನ್ನು ಸಹಿಸೀತು, ತಿರುಚುವುದನ್ನು ಸಹಿಸದು. ಎಂಜಿನ್ನಿನ ಕೆಳಗಿನ ರಬ್ಬರ್ ಪ್ಯಾಡುಗಳು ಸವೆದಾಗ ಅದುರುವಿಕೆ ಮಿತಿಮೀರಿ ಸುಕ್ಕಿನ ತಳದಲ್ಲಿ ಕೂದಲೆಳೆಯಷ್ಟು ಸೀಳು ಹುಟ್ಟುತ್ತದೆ. ಹೊಗೆಕೊಳವೆಯ ತುದಿಗೆ ಮಳೆಟೋಪಿ ಇಲ್ಲದಿದ್ದರೆ ನೀರು ಇಳಿದು, ಹೊಗೆಯ ಗಂಧಕದೊಡನೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ.

ಇನ್ನು ಬೆಸುಗೆಯ ವಿಷಯ. ಕಾಗದದಷ್ಟು ತೆಳುವಾದ ಸುಕ್ಕಿನ ಮೇಲೆ ಬೆಸುಗೆ ಹಾಕಿದರೆ ಆ ಜಾಗ ಗಡುಸಾಗುತ್ತದೆ, ಬಾಗುವ ಗುಣ ಹೋಗುತ್ತದೆ, ಪಕ್ಕದ ಸುಕ್ಕು ಒಡೆಯುತ್ತದೆ. ಹತ್ತಿರದಲ್ಲಿ ಬೇರೆ ಭಾಗವನ್ನು ಬೆಸೆಯುವಾಗ ಸಿಡಿದ ಕಿಡಿಯೂ ಅದನ್ನು ತೂತು ಮಾಡಬಲ್ಲದು. ಕಲ್ನಾರಿನ ಹಗ್ಗ ಸುತ್ತಿ ಮೇಲೆ ತಗಡು ಬಿಗಿಯುವ ನಮ್ಮೂರಿನ ಉಪಾಯ ಶಬ್ದವನ್ನು ಅಡಗಿಸುತ್ತದೆಯೇ ಹೊರತು ಹೊಗೆಯನ್ನಲ್ಲ. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾಡುವ ಹಾನಿ ಅದಕ್ಕೆ ಬಡ್ಡಿ.

ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿಗಿಂತ ಡೀಸೆಲ್ ಎಂಜಿನ್ನು ಇದನ್ನು ಕಡಿಮೆ ಉಗುಳುತ್ತದೆಂಬುದು ನಿಜ. ಆದರೆ ಮುಚ್ಚಿದ ಕೋಣೆಯಲ್ಲಿ ಆ ಕಡಿಮೆಯೇ ಸಾಕಾಗುತ್ತದೆ. ಮೊದಲು ತಲೆನೋವು, ನಂತರ ವಾಕರಿಕೆ, ಮಂಕು. ನಿದ್ರೆಯಲ್ಲಿರುವವನಿಗೆ ಇವಾವುದೂ ತಿಳಿಯುವುದಿಲ್ಲ.

ಶ್ರೀನಿವಾಸಪುರ ಭಾಗದ ನಮ್ಮ ಕಕ್ಷಿದಾರರೊಬ್ಬರ ತಿರುಳಿನ ಘಟಕದಲ್ಲಿ ಹೀಗೆಯೇ ಆಗುವುದರಲ್ಲಿತ್ತು. ಜೂನ್ ತಿಂಗಳು, ಮಾವಿನ ಸುಗ್ಗಿ, ಅಂಗಳದಲ್ಲಿ ಹಣ್ಣಿನ ಲಾರಿಗಳು. ಜನರೇಟರ್ ಕೋಣೆಗೆ ಒತ್ತಿಕೊಂಡ ಕೊಠಡಿಯಲ್ಲಿ ರಾತ್ರಿ ಪಾಳಿಯ ಇಬ್ಬರು ಕೆಲಸಗಾರರು ಮಲಗುತ್ತಿದ್ದರು. ಎರಡು ಕೋಣೆಗಳ ನಡುವಿನ ಗೋಡೆಯ ಮೇಲ್ಭಾಗದಲ್ಲಿ ಜಾಲರಿಯ ಗವಾಕ್ಷಿ. ಬೆಳಗ್ಗೆ ತಲೆನೋವೆಂದು ಅವರು ಹೇಳಿದಾಗ ಮಾಲೀಕರು ಸೆಕೆಯೆಂದುಕೊಂಡರು. ಜಾಲರಿಯ ಮೇಲೆ ಕರಿ ಕೂತಿರುವುದನ್ನು ಕಂಡವನು ವಿದ್ಯುತ್ ಕೆಲಸಕ್ಕೆ ಬಂದ ಹುಡುಗ. ಡೀಸೆಲ್ ವೆಚ್ಚದ ಲೆಕ್ಕ ನೋಡಲು ನಾನು ಹೋದ ದಿನವೇ ಆ ಮಾತು ಎದ್ದಿತು.

“ಆಡಿಟರ್ ಸಾರ್, ಈಗ ಮಿಷನ್ ನಿಲ್ಸೋಕಾಗಲ್ಲ. ಸೀಸನ್ ಮುಗೀಲಿ, ಹೊಸದೇ ಹಾಕಿಸ್ತೀನಿ” ಎಂದರು ಮಾಲೀಕರು.

ಕೆಲಸಗಾರರನ್ನು ಅಂದೇ ಆ ಕೊಠಡಿಯಿಂದ ಬಿಡಿಸುವುದಕ್ಕೆ ಅವರು ಒಪ್ಪಿದರು. ಬದಲಾವಣೆಗೆ ಒಪ್ಪಿಸಲು ಮಾತ್ರ ಕಾಗದ ಪೆನ್ಸಿಲು ಬೇಕಾಯಿತು. ಬೆಲ್ಲೋಸ್, ಗ್ಯಾಸ್ಕೆಟ್, ಬೋಲ್ಟು, ಕೂಲಿ ಎಲ್ಲ ಕೂಡಿಸಿದರೂ ಅಂಗಳದಲ್ಲಿ ನಿಂತಿದ್ದ ಒಂದು ಲಾರಿ ಹಣ್ಣಿನ ಬೆಲೆಗೆ ಸಮವಾಗಲಿಲ್ಲ. ಅರ್ಧ ದಿನ ನಾವಾಗಿ ನಿಲ್ಲಿಸುವುದಕ್ಕೂ, ಕರೆಂಟಿಲ್ಲದ ರಾತ್ರಿ ಅದಾಗಿಯೇ ನಿಂತುಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಮಾರನೆಯ ದಿನ ಬೆಂಗಳೂರಿನಿಂದ ಸಾಮಾನು ಬಂದಿತು.

ಬದಲಾಯಿಸುವ ಕ್ರಮವನ್ನು ಮಾಲೀಕರೂ ತಿಳಿದಿರುವುದು ಒಳ್ಳೆಯದು, ಏಕೆಂದರೆ ಅವಸರದಲ್ಲಿ ಮೆಕ್ಯಾನಿಕ್ ಬಿಟ್ಟುಬಿಡುವ ಹಂತಗಳೇ ಮುಖ್ಯವಾದವು. ಕರೆಂಟು ಹೋದೊಡನೆ ತಾನಾಗಿ ಚಾಲೂ ಆಗುವ ಪ್ಯಾನೆಲ್ ಇದ್ದರೆ ಮೊದಲು ಅದನ್ನು ನಿಷ್ಕ್ರಿಯಗೊಳಿಸಿ ಬ್ಯಾಟರಿಯ ಋಣ ತಂತಿಯನ್ನು ಕಳಚತಕ್ಕದ್ದು. ಕೈಯಲ್ಲಿ ಸ್ಪ್ಯಾನರ್ ಹಿಡಿದಿರುವಾಗ ಎಂಜಿನ್ ಎಚ್ಚರಗೊಳ್ಳಬಾರದು. ಪೂರ್ತಿ ತಣಿದ ಮೇಲೆ, ಬೋಲ್ಟುಗಳನ್ನು ಮುಟ್ಟುವ ಮುನ್ನ, ಮೇಲಿನ ಕೊಳವೆಯನ್ನೂ ಸೈಲೆನ್ಸರನ್ನೂ ಸರಪಳಿಯಿಂದಲೋ ಆಸರೆಯಿಂದಲೋ ಹಿಡಿದಿಡಬೇಕು. ಹಳೆಯ ಬೆಲ್ಲೋಸಿನ ಉದ್ದವನ್ನು ನಕಲು ಮಾಡಿ ಹೊಸದನ್ನು ತರಿಸಕೂಡದು, ಅದು ಜಗ್ಗಿಯೋ ಕುಗ್ಗಿಯೋ ಇರುತ್ತದೆ. ಎರಡು ಫ್ಲಾಂಜ್‌ಗಳನ್ನು ನೇರವಾಗಿ ನಿಲ್ಲಿಸಿ ನಡುವಿನ ಅಂತರ, ಒಳವ್ಯಾಸ, ಬೋಲ್ಟುಗಳ ಸಂಖ್ಯೆ ಮತ್ತು ಅವುಗಳ ವೃತ್ತದ ಅಳತೆ ತೆಗೆಯಬೇಕು. ವ್ಯಾಸ ಕಿರಿದಾದದ್ದು ಅಗ್ಗಕ್ಕೆ ಸಿಕ್ಕಿತೆಂದು ಹಾಕಿದರೆ ಹೊಗೆ ಹಿಂದಕ್ಕೆ ಒತ್ತಿ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. 2023ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಮಾಲಿನ್ಯ ಮಾನಕದ ಜನರೇಟರ್‌ಗಳಲ್ಲಿ ತಯಾರಕರ ಸೂಚನೆಯ ಹೊರತು ಏನನ್ನೂ ಬದಲಿಸದಿರುವುದೇ ಲೇಸು.

ಗ್ಯಾಸ್ಕೆಟ್ ಹೊಸದೇ ಆಗಬೇಕು. ಹಳೆಯದು ಕಲ್ನಾರಿನದಾಗಿರುವ ಸಂಶಯವಿದ್ದರೆ ಒಣಗಿದ್ದಾಗ ಕೆರೆಯದೆ ನೀರಿನಿಂದ ತೋಯಿಸಿ ತೆಗೆಯಬೇಕು. ಒಳಗೆ ತೆಳು ಕವಚವಿರುವ ಬೆಲ್ಲೋಸಿನ ಮೇಲೆ ಬಾಣದ ಗುರುತಿರುತ್ತದೆ. ಅದು ಹೊಗೆ ಹೋಗುವ ದಿಕ್ಕಿಗೆ ಇರಬೇಕು. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಚಾಲೂ ಮಾಡಿ, ಹೊರೆ ಕೊಟ್ಟು ಕಾಯಿಸಿ, ಆರಿದ ಮೇಲೆ ಇನ್ನೊಮ್ಮೆ ಬಿಗಿಯುವುದನ್ನು ಮರೆಯುವವರೇ ಹೆಚ್ಚು. ಇದೇ ಸಮಯದಲ್ಲಿ ಕೊಳವೆಯ ಎತ್ತರವನ್ನೂ ನೋಡಿಬಿಡಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರದಂತೆ ಕಟ್ಟಡದ ಎತ್ತರಕ್ಕೆ, ಕೆವಿಎ ಸಾಮರ್ಥ್ಯದ ವರ್ಗಮೂಲದ 0.2 ಪಟ್ಟನ್ನು ಮೀಟರುಗಳಲ್ಲಿ ಕೂಡಿಸಬೇಕು. 100 ಕೆವಿಎ ಜನರೇಟರಿಗೆ ಕಟ್ಟಡಕ್ಕಿಂತ 2 ಮೀಟರ್ ಮೇಲೆ ಎಂದಾಯಿತು.

ಸೋರಿಕೆ ಕಣ್ಣಿಗೆ ಬೀಳುವ ಮೊದಲು ಡೀಸೆಲ್ ಪುಸ್ತಕದಲ್ಲಿ ಅದರ ಸುಳಿವು ಸಿಕ್ಕೀತು. ಕೋಣೆಯೊಳಗೆ ಸೋರಿದ ಬಿಸಿ ಹೊಗೆಯನ್ನೇ ಎಂಜಿನ್ ಮತ್ತೆ ಉಸಿರಾಡುತ್ತದೆ. ಏರ್ ಫಿಲ್ಟರಿಗೂ ರೇಡಿಯೇಟರಿಗೂ ಕರಿ ಕಟ್ಟುತ್ತದೆ. ಒಂದು ಲೀಟರಿಗೆ ಎಷ್ಟು ಯೂನಿಟ್ ಬಂತೆಂದು ಪ್ರತಿ ವಾರ ಬರೆದಿಡುವ ಘಟಕದಲ್ಲಿ ಈ ಇಳಿಕೆ ಬೇಗ ಕಾಣುತ್ತದೆ. ಹೊರೆ ಕಡಿಮೆಯಾದಾಗಲೂ ಈ ಅಂಕಿ ಇಳಿಯುವುದರಿಂದ ಸಮಾನ ಹೊರೆಯ ವಾರಗಳನ್ನೇ ಹೋಲಿಸಬೇಕು. ನಮ್ಮ ಬಹುಪಾಲು ಸದಸ್ಯರು ಡೀಸೆಲ್ ಬಿಲ್ಲನ್ನು ಜೋಪಾನವಾಗಿಡುತ್ತಾರೆ, ಗಂಟೆಯ ಮೀಟರನ್ನು ನೋಡುವುದಿಲ್ಲ.

ಆದಾಯ ತೆರಿಗೆಯ ದೃಷ್ಟಿಯಿಂದ ಇದರಲ್ಲಿ ಗೊಂದಲವಿಲ್ಲ. ಇರುವ ಆಸ್ತಿಯನ್ನು ಉಳಿಸಿಕೊಳ್ಳಲು ಮಾಡಿದ ವೆಚ್ಚ ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನು ತಂದರೆ ಅದು ಬಂಡವಾಳ ವೆಚ್ಚ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಗೆರೆಯನ್ನೇ ಎಳೆಯಿತು. ಬೆಲ್ಲೋಸ್ ಒಂದೇ ನಿಂತು ಯಾವ ಕೆಲಸವನ್ನೂ ಮಾಡದು, ಜನರೇಟರಿನ ಅಂಗವದು. ಆದ್ದರಿಂದ ಪೂರ್ತಿ ವೆಚ್ಚವನ್ನು ಅದೇ ವರ್ಷ ಕಳೆಯಬಹುದು. ಜನರೇಟರನ್ನೇ ಬದಲಿಸಿದರೆ ಸವಕಳಿಯ ದಾರಿ ಹಿಡಿಯಬೇಕು. ಒಬ್ಬರಿಗೆ ಒಂದೇ ದಿನ ರೂ. 10,000/- ಮೀರಿ ನಗದು ಕೊಟ್ಟರೆ ಆ ವೆಚ್ಚ ಅಮಾನ್ಯವಾಗುತ್ತದೆ. ಜಿಎಸ್‌ಟಿ ಬಿಲ್ ಪಡೆದರೆ, ರಾಜಿ ತೆರಿಗೆ ಪದ್ಧತಿಯಲ್ಲಿ ಇಲ್ಲದವರಿಗೆ ತೆರಿಗೆಯ ಜಮೆ ದೊರೆಯುತ್ತದೆ. ಬಿಲ್ಲಿಲ್ಲದೆ ಅಗ್ಗಕ್ಕೆ ತಂದವರು ಈ ಜಮೆಯನ್ನು ಎಂದೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದರ ಎದುರಿಗೆ ಇನ್ನೊಂದು ಮೊತ್ತವನ್ನಿಡುತ್ತೇನೆ. 2025ರವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಡಿ, 2020ರ ಜನವರಿಯಲ್ಲಿ ನಿಗದಿಯಾದ ರೂ. 15,000/- ಮಾಸಿಕ ವೇತನದ ಮಿತಿಯಂತೆ, ಕೆಲಸದಿಂದುಂಟಾದ ಅಪಘಾತದಲ್ಲಿ ಮೃತನಾದ 30 ವರ್ಷದ ಕೆಲಸಗಾರನ ಕುಟುಂಬಕ್ಕೆ ಸಲ್ಲಬೇಕಾಗಿದ್ದ ಪರಿಹಾರ, ವೇತನದ ಅರ್ಧದ 207.98 ಪಟ್ಟು: ರೂ. 15,59,850/-. ಇಎಸ್‌ಐ ವ್ಯಾಪ್ತಿಗೆ ಬಾರದ ಸಣ್ಣ ಘಟಕಗಳಲ್ಲಿ, ವಿಮೆ ಮಾಡಿಸಿರದಿದ್ದರೆ, ಇದು ಮಾಲೀಕನ ಕೈಯಿಂದಲೇ ಹೋಗುತ್ತಿದ್ದ ಹಣ. ಆ ಕುಟುಂಬ ಕಳೆದುಕೊಂಡದ್ದು ಈ ಗುಣಾಕಾರಕ್ಕೆ ಸಿಗುವಂಥದ್ದಲ್ಲ.

ಸುಗ್ಗಿಯ ಕಾಲದಲ್ಲಿ ಓಡುವ ಘಟಕಗಳು ಒಂದು ಬೆಲ್ಲೋಸನ್ನೂ ಎರಡು ಗ್ಯಾಸ್ಕೆಟ್‌ಗಳನ್ನೂ ಏಪ್ರಿಲ್ ತಿಂಗಳಲ್ಲಿಯೇ ತಂದಿಟ್ಟುಕೊಂಡರೆ ಅಪರಾತ್ರಿಯಲ್ಲಿ ಬೆಂಗಳೂರಿಗೆ ಓಡುವುದು ತಪ್ಪುತ್ತದೆ. ಮಾರ್ಚ್ 31ರಂದು ಬಳಕೆಯಾಗದೆ ಉಳಿದ ಇಂತಹ ಸಣ್ಣ ಬಿಡಿಭಾಗವನ್ನು ದುರಸ್ತಿ ಖಾತೆಗೆ ಬರೆಯದೆ ದಾಸ್ತಾನಿನಲ್ಲಿ ತೋರಿಸಿ, ಹಾಕಿದ ದಿನ ವೆಚ್ಚಕ್ಕೆ ತರತಕ್ಕದ್ದು. ಹಾಕಿದ ದಿನಾಂಕವನ್ನೂ ಗಂಟೆಯ ಮೀಟರಿನ ಅಂಕಿಯನ್ನೂ ಬಿಲ್ಲಿನ ಹಿಂಬದಿಯಲ್ಲಿ ಬರೆದಿಟ್ಟರೆ ಸಾಕು, ಪ್ರತ್ಯೇಕ ರಿಜಿಸ್ಟರು ಬೇಕಿಲ್ಲ.