ನರ್ಸಮ್ಮ ಕೊಟ್ಟ ಗುಳಗಿಗೆ ಜವಾಬ್ದಾರಿ ಯಾರದ್ರಿ?

ಮಸ್ಕಿ ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಬಂದವರು ಮೊದಲು ಎಲ್ಲಿಗೆ ಹೋಗುತ್ತಾರೆ? ದೊಡ್ಡ ದವಾಖಾನಿಗಂತೂ ಅಲ್ಲ. ಟಂಟಂ ಹತ್ತಿ ಮಸ್ಕಿಗೆ ಬಂದು, ಚೀಟಿ ಮಾಡಿಸಿ, ಪಾಳಿ ನಿಂತು ಊರಿಗೆ ವಾಪಸಾಗುವಷ್ಟರಲ್ಲಿ ಒಂದು ದಿನದ ಕೂಲಿ ಹೋಯಿತು. ಹತ್ತಿ ಬಿಡಿಸುವ ದಿನಗಳಲ್ಲಿ ಆ ಕೂಲಿ ಬಿಡುವ ಧೈರ್ಯ ಯಾರಿಗಿದೆ? ಹಾಗಾಗಿ ಊರೊಳಗಿನ ‘ಆರ್.ಎಂ.ಪಿ. ಡಾಕ್ಟರು’, ಇಲ್ಲವೆ ಉಪಕೇಂದ್ರದ ನರ್ಸಮ್ಮ.

ಈ ನರ್ಸಮ್ಮನ ಕೈಯಲ್ಲಿ ಎಷ್ಟು ಅಧಿಕಾರ ಇರಬೇಕು, ಆಕೆಯ ಮೇಲೆ ಡಾಕ್ಟರ ಕಣ್ಣು ಎಷ್ಟಿರಬೇಕು ಎಂಬ ಜಗಳ ದಿಲ್ಲಿಯಲ್ಲಿ ವರ್ಷಗಟ್ಟಲೆ ನಡೆದಿದೆ. ಸಂಸತ್ತಿಗೂ ಹೋಗಿದೆ, ಸುಪ್ರೀಂ ಕೋರ್ಟಿಗೂ ಹೋಗಿದೆ. ಗುಳಗಿ ನುಂಗುವ ನಮ್ಮ ಜನರನ್ನು ಮಾತ್ರ ಯಾರೂ ಕೇಳಿದಂತಿಲ್ಲ.

ಸಂಗತಿ ಹೀಗಿದೆ. 2018ರಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಯೋಜನೆಯಡಿ ದೇಶದ ಒಂದೂವರೆ ಲಕ್ಷ ಉಪಕೇಂದ್ರ, ಪ್ರಾಥಮಿಕ ಕೇಂದ್ರಗಳನ್ನು ‘ಆರೋಗ್ಯ ಮತ್ತು ಕ್ಷೇಮ ಕೇಂದ್ರ’ ಮಾಡುವುದಾಗಿ ಸಾರಿತು. 2023ರಲ್ಲಿ ಹೆಸರು ಬದಲಾಗಿ ‘ಆಯುಷ್ಮಾನ್ ಆರೋಗ್ಯ ಮಂದಿರ’ ಆಯಿತು. ಹೆಸರು ಏನೇ ಇರಲಿ, ಸುಮಾರು 5,000 ಜನಕ್ಕೆ ಒಂದರಂತೆ ಇರಬೇಕಾದ ಉಪಕೇಂದ್ರಕ್ಕೆ ಹೊಸ ಹುದ್ದೆಯೊಂದು ಬಂತು. ಸಮುದಾಯ ಆರೋಗ್ಯ ಅಧಿಕಾರಿ, ಬಾಯಿಮಾತಿನಲ್ಲಿ ಸಿ.ಎಚ್.ಓ. ಬಿ.ಎಸ್ಸಿ. ನರ್ಸಿಂಗ್ ಇಲ್ಲವೆ ಜಿ.ಎನ್.ಎಂ. ಓದಿದವರಿಗೆ ಆರು ತಿಂಗಳ ಹೆಚ್ಚಿನ ತರಬೇತಿ ಕೊಟ್ಟು ಕೂಡಿಸಿದರು. ಮೂವತ್ತು ದಾಟಿದವರ ಬಿ.ಪಿ., ಸಕ್ಕರೆ ನೋಡುವುದು, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಲಕ್ಷಣ ಹುಡುಕುವುದು, ಡಾಕ್ಟರು ಶುರು ಮಾಡಿದ ಗುಳಗಿಯನ್ನು ತಿಂಗಳು ತಿಂಗಳು ಕೊಡುವುದು ಆಕೆಯ ಕೆಲಸ. ಹೊಸ ಗುಳಗಿ ಶುರು ಮಾಡುವುದು, ಇದ್ದದ್ದನ್ನು ಬದಲಿಸುವುದು ಪ್ರಾಥಮಿಕ ಕೇಂದ್ರದ ವೈದ್ಯಾಧಿಕಾರಿ ಕೆಲಸ.

ಕಾಗದದ ಮೇಲೆ ಚೆಂದ ಇದೆ. ಈಗ ಒಂದು ಪ್ರಸಂಗ ಊಹಿಸಿಕೊಳ್ಳಿ.

ಐವತ್ತು ದಾಟಿದ ಹೆಣ್ಣುಮಗಳು. ಹೊಲದಿಂದ ನೇರ ಉಪಕೇಂದ್ರಕ್ಕೆ ಬಂದಿದ್ದಾಳೆ. ‘ಅಕ್ಕಾರ, ತಲಿ ಗಿರ್ ಅಂತದರಿ’ ಅನ್ನುತ್ತಾಳೆ. ಬಿ.ಪಿ. ನೋಡಿದರೆ 180ರ ಮೇಲೆ 110. ನುಂಗುತ್ತಿರುವ ಗುಳಗಿ ಸಾಲುತ್ತಿಲ್ಲ ಎಂಬುದು ನರ್ಸಮ್ಮನಿಗೆ ಕಾಣುತ್ತಿದೆ. ಡಾಕ್ಟರಿಗೆ ಫೋನ್ ಹಚ್ಚುತ್ತಾಳೆ. ಡಾಕ್ಟರು ಮೀಟಿಂಗಿನಲ್ಲಿ ಇರಬಹುದು, ಪೋಸ್ಟ್‌ಮಾರ್ಟಂಗೆ ಹೋಗಿರಬಹುದು, ಇನ್ನೊಂದು ಕೇಂದ್ರದ ಪ್ರಭಾರ ಹೊತ್ತಿರಬಹುದು. ರಿಂಗ್ ಆಗುತ್ತದೆ, ಎತ್ತುವವರಿಲ್ಲ. ಗುಳಗಿ ಹೆಚ್ಚಿಗೆ ಕೊಟ್ಟು ಏನಾದರೂ ಆದರೆ ‘ನೀನ್ಯಾರಮ್ಮ ಕೊಡಾಕ?’ ಕೊಡದೆ ಮನೆಗೆ ಕಳಿಸಿ ರಾತ್ರಿ ಲಕ್ವಾ ಹೊಡೆದರೆ ‘ಸುಮ್ಮನೆ ಯಾಕ ಕುಂತಿದ್ದಿ?’ ಮಸ್ಕಿಗೆ ಹೋಗು ಅಂತ ಚೀಟಿ ಬರೆದರೆ ಆಕಿ ಹೋಗೋದು ಸಂತೆ ದಿನ. ಮೂರೂ ಕಡೆ ಸಿಕ್ಕಿಬೀಳುವವಳು ಗುತ್ತಿಗೆ ಮೇಲೆ ದುಡಿಯುವ ಹೆಣ್ಣುಮಗಳು.

ಅದೇ ಊರಿನ ಇನ್ನೊಂದು ಓಣಿಯಲ್ಲಿ, ಯಾವ ಕಾಲೇಜೂ ಕಾಣದ ಒಬ್ಬ ಸೂಜಿ ಮಾಡಿ, ಸಲೈನ್ ಹಚ್ಚಿ, ದುಡ್ಡು ಎಣಿಸಿಕೊಳ್ಳುತ್ತಾನೆ. ಅವನ ಮೇಲೆ ಯಾವ ಡಾಕ್ಟರ ಕಣ್ಣೂ ಇಲ್ಲ! ಓದಿದ ನರ್ಸಿಗೆ ಹತ್ತು ಕಟ್ಟಳೆ, ಓದದವನಿಗೆ ಹಬ್ಬ. ಜನರ ದೂರು ಕೂಡ ನರ್ಸಮ್ಮನ ಮೇಲೆಯೇ: ‘ಬರೇ ಗುಳಗಿ ಕೊಡ್ತಾಳ್ರಿ, ಸೂಜಿ ಮಾಡಂಗಿಲ್ಲ.’

ಡಾಕ್ಟರ ಮಾತೂ ಸುಳ್ಳಲ್ಲ

2019ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಸೂದೆ ಬಂದಾಗ ಅದರ 32ನೇ ಕಲಮು ದೊಡ್ಡ ಗದ್ದಲ ಎಬ್ಬಿಸಿತು. ‘ಸಮುದಾಯ ಆರೋಗ್ಯ ಪೂರೈಕೆದಾರ’ರಿಗೆ ಮಿತವಾದ ಲೈಸೆನ್ಸ್ ಕೊಡಬಹುದು, ಪ್ರಾಥಮಿಕ ಚಿಕಿತ್ಸೆ ಮತ್ತು ರೋಗ ತಡೆಯುವ ಕೆಲಸದಲ್ಲಿ ಗೊತ್ತುಪಡಿಸಿದ ಔಷಧಿ ಅವರೇ ಬರೆಯಬಹುದು, ಅದರಾಚೆ ಡಾಕ್ಟರ ಮೇಲ್ವಿಚಾರಣೆ ಬೇಕು, ಅವರ ಸಂಖ್ಯೆ ಒಟ್ಟು ಡಾಕ್ಟರ ಮೂರನೇ ಒಂದು ಪಾಲು ಮೀರಕೂಡದು ಎಂದಿತು ಆ ಕಲಮು. ಭಾರತೀಯ ವೈದ್ಯಕೀಯ ಸಂಘ ಜುಲೈ 31ರಂದು ದೇಶದಾದ್ಯಂತ 24 ಗಂಟೆ ಹೊರರೋಗಿ ಸೇವೆ ನಿಲ್ಲಿಸಿತು. ‘ನಕಲಿ ಡಾಕ್ಟರಿಗೆ ಕಾನೂನಿನ ಮುದ್ರೆ’ ಎಂಬುದು ಅವರ ಸಿಟ್ಟು. ಮಸೂದೆ ಪಾಸಾಯಿತು. ಸಿ.ಎಚ್.ಓ. ಯೋಜನೆ ಈ ಕಲಮಿಗಿಂತ ಮೊದಲೇ ಹೊರಟದ್ದು; ಎರಡನ್ನೂ ಕಲಸಿ ಮಾತಾಡುವವರು ಬಹಳ.

ಇದನ್ನು ಬರೀ ಹೊಟ್ಟೆಪಾಡಿನ ಜಗಳ ಎಂದು ತಳ್ಳಿಹಾಕುವಂತಿಲ್ಲ. ಎದೆ ಉರಿ ಅಂದವನಿಗೆ ಗ್ಯಾಸ್ ಗುಳಗಿ ಕೊಟ್ಟು ಕಳಿಸಿದಾಗ ಅದು ಹಾರ್ಟ್ ಅಟ್ಯಾಕ್ ಆಗಿದ್ದರೆ? ರೋಗ ತನ್ನ ಹೆಸರು ಹಣೆಗೆ ಬರೆದುಕೊಂಡು ಬರುವುದಿಲ್ಲ. ಹೆಸರು ಹಚ್ಚುವುದೇ ಕಷ್ಟದ ಕೆಲಸ, ಅದಕ್ಕೇ ಅಷ್ಟು ವರ್ಷದ ಓದು.

ಜಗಳ ಹೊಸದೂ ಅಲ್ಲ. ಹಿರಿಯರಿಗೆ ಎಲ್.ಎಂ.ಪಿ. ಡಾಕ್ಟರು ನೆನಪಿರಬೇಕು. 1940ರ ದಶಕದ ಆರಂಭದಲ್ಲಿ ದೇಶದಲ್ಲಿದ್ದ ಸುಮಾರು 47,500 ಡಾಕ್ಟರಲ್ಲಿ 30,000ದಷ್ಟು ಜನ ಪದವಿಯಿಲ್ಲದ ಇಂಥ ಲೈಸೆನ್ಷಿಯೇಟರೇ. 1946ರ ಭೋರ್ ಸಮಿತಿ ‘ಇನ್ನು ಒಂದೇ ಬಗೆಯ ಡಾಕ್ಟರು ಸಾಕು’ ಎಂದು ವರದಿ ಕೊಟ್ಟಿತು. ಸಮಿತಿಯ ಕೆಲ ಸದಸ್ಯರು ಹಳ್ಳಿಗೆ ಹೋಗುವವರು ಯಾರು ಎಂದು ಆಗಲೇ ತಕರಾರು ತೆಗೆದಿದ್ದರು.

ಅಸ್ಸಾಮಿನವರು 2004ರಲ್ಲಿ ಕಾಯ್ದೆ ಮಾಡಿ, ಮೂರು ವರ್ಷದ ಡಿಪ್ಲೊಮಾದ ಗ್ರಾಮೀಣ ವೈದ್ಯರನ್ನು ತಯಾರು ಮಾಡಿದರು. ಗುವಾಹಟಿ ಹೈಕೋರ್ಟು 2014ರಲ್ಲಿ ಅದನ್ನು ಹೊಡೆದುಹಾಕಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಪೀಠದಲ್ಲಿ ನಮ್ಮ ಕನ್ನಡ ನಾಡಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಆದರೆ ಆ ಡಿಪ್ಲೊಮಾದವರನ್ನು ಸಮುದಾಯ ಆರೋಗ್ಯ ಕೆಲಸಕ್ಕೆ ತಂದ ಅಸ್ಸಾಮಿನ 2015ರ ಕಾಯ್ದೆಯನ್ನು ಕೋರ್ಟು ಉಳಿಸಿತು.

ಅಮೆರಿಕದಲ್ಲಿ 1965ರಿಂದ ನರ್ಸ್ ಪ್ರಾಕ್ಟೀಷನರ್, ಫಿಜಿಷಿಯನ್ ಅಸಿಸ್ಟೆಂಟ್ ಎಂಬ ಎರಡು ಬಗೆಯವರು ಇದ್ದಾರೆ. ಅಲ್ಲಿ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್ ಡಾಕ್ಟರ ಹಂಗಿಲ್ಲದೆ ಔಷಧಿ ಬರೆಯಬಹುದು. ಇಂಗ್ಲೆಂಡಿನಲ್ಲಿ ಗಾಳಿ ತಿರುಗಿದೆ: ಅಲ್ಲಿನ ‘ಫಿಜಿಷಿಯನ್ ಅಸೋಸಿಯೇಟ್’ರನ್ನು ಮತ್ತೆ ‘ಅಸಿಸ್ಟೆಂಟ್’ ಎಂದೇ ಕರೆಯಬೇಕು, ರೋಗ ಯಾವುದೆಂದು ಗೊತ್ತಾಗದವರನ್ನು ಅವರು ಮೊದಲು ನೋಡಬಾರದು ಎಂದು 2025ರ ಜುಲೈಯಲ್ಲಿ ಗಿಲಿಯನ್ ಲೆಂಗ್ ವರದಿ ಹೇಳಿತು.

ಕಣ್ಣು ಎಲ್ಲಿದೆ?

ನಮ್ಮ ದೇಶದಲ್ಲೂ ಫಿಜಿಷಿಯನ್ ಅಸಿಸ್ಟೆಂಟರಿದ್ದಾರೆ. 1992ರಲ್ಲಿ ಮದ್ರಾಸಿನಲ್ಲಿ ಡಾ. ಕೆ.ಎಂ. ಚೆರಿಯನ್ ಈ ಕೋರ್ಸು ಶುರು ಮಾಡಿದರು. 2021ರ ಕಾಯ್ದೆಯಲ್ಲಿ ಅವರ ಹೆಸರೂ ಸೇರಿದೆ. ಆದರೆ ಅವರು ದುಡಿಯುವುದು ಹೆಚ್ಚಾಗಿ ಪಟ್ಟಣದ ದೊಡ್ಡ ಆಸ್ಪತ್ರೆಗಳಲ್ಲಿ, ಸರ್ಜನ್ ಮೊಣಕೈ ಪಕ್ಕದಲ್ಲಿ. ಸಂಶಯ ಬಂದರೆ ತಿರುಗಿ ಕೇಳಿದರಾಯಿತು. ಡಾಕ್ಟರ ಕಣ್ಣು ಅತಿ ಹೆಚ್ಚು ಬೇಕಾದದ್ದು ಒಬ್ಬಳೇ ಕೂತ ಹಳ್ಳಿ ನರ್ಸಿಗೆ. ಆಕೆಗೇ ಆ ಕಣ್ಣು ಅತಿ ದೂರ.

ನನ್ನ ಕೇಳಿದರೆ, ನರ್ಸಿಗೆ ಅಧಿಕಾರ ಕೊಡಬೇಕೋ ಬೇಡವೋ ಎಂಬ ವಾದವೇ ನಮ್ಮೂರಿಗೆ ಅರ್ಧ ಸಂಬಂಧಿಸಿದ್ದು. ಆಕೆ ಫೋನ್ ಮಾಡಿದಾಗ ಎತ್ತುವವರು ಯಾರು? ಅಲ್ಲಿಂದ ಶುರು ಮಾಡಬೇಕು. 2020ರ ಮಾರ್ಚ್ 25ರಂದು ಬಂದ ದೂರವೈದ್ಯ ಮಾರ್ಗಸೂಚಿಯಲ್ಲಿ, ಆರೋಗ್ಯ ಕಾರ್ಯಕರ್ತೆ ರೋಗಿಯನ್ನು ಮುಂದೆ ಕೂಡಿಸಿಕೊಂಡು ಡಾಕ್ಟರ ಹತ್ತಿರ ಮಾತಾಡಿಸಿ ಔಷಧಿ ಬರೆಸಿಕೊಳ್ಳಲು ದಾರಿ ಇದೆ. ಇ-ಸಂಜೀವಿನಿ ಎಂಬ ವ್ಯವಸ್ಥೆಯೂ ಇದೆ. ಆದರೆ ನೆಟ್‌ವರ್ಕ್ ಬೇಕು, ಆ ಕಡೆ ಡಾಕ್ಟರು ಕೂತಿರಬೇಕು, ಬರೆದ ಗುಳಗಿ ಉಪಕೇಂದ್ರದ ಕಪಾಟಿನಲ್ಲಿ ಇರಬೇಕು. ಮೂರರಲ್ಲಿ ಒಂದು ಕೈಕೊಟ್ಟರೂ ಆ ಹೆಣ್ಣುಮಗಳು ಆರ್.ಎಂ.ಪಿ. ಮನೆ ಕಡೆಗೇ.

ಇನ್ನೊಂದು ಮಾತು. ಒಂದು ವರ್ಷದ ಕಡ್ಡಾಯ ಸೇವೆಗೆ ಬಂದ ಎಳೆಯ ಡಾಕ್ಟರು ನರ್ಸಮ್ಮನ ಕೈಗುಣ, ಆಕೆಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಅರಿಯುವಷ್ಟರಲ್ಲಿ ಗಂಟುಮೂಟೆ ಕಟ್ಟಿರುತ್ತಾರೆ. ಮೇಲ್ವಿಚಾರಣೆ ಅಂದರೆ ರಿಜಿಸ್ಟರಿಗೆ ತಿಂಗಳಿಗೊಮ್ಮೆ ಸಹಿ ಅಲ್ಲ. ‘ಈಕಿ ಹೇಳಿದ್ರ ಖರೇ ಇರ್ತದ’ ಎಂಬ ನಂಬಿಕೆ ಬರಲು ಇಬ್ಬರೂ ಕೂಡಿ ಕೆಲಸ ಮಾಡಿರಬೇಕು.

ಮಸ್ಕಿ ಈಗ ತಾಲೂಕು ಕೇಂದ್ರ. ಪ್ರತಿ ಹಳ್ಳಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರಬೇಕು. ಮುಂದಿನ ಸಭೆಯಲ್ಲಿ ಓದುಗರು ಎದ್ದು ನಿಂತು ಇಷ್ಟು ಕೇಳಲಿ: ನಮ್ಮ ಉಪಕೇಂದ್ರದ ಮೇಲಿನ ಡಾಕ್ಟರು ಯಾರು? ಅವರು ಇಲ್ಲದ ದಿನ ಯಾರ ನಂಬರು? ನರ್ಸಮ್ಮ ಯಾವ ಗುಳಗಿ ತಾನೇ ಕೊಡಬಹುದು, ಯಾವುದಕ್ಕೆ ಕೇಳಬೇಕು ಎಂಬ ಪಟ್ಟಿ ಎಲ್ಲಿದೆ? ಅದನ್ನು ಕನ್ನಡದಲ್ಲಿ ಬರೆಸಿ ಉಪಕೇಂದ್ರದ ಗೋಡೆಗೆ ಹಚ್ಚಲು ಏನು ಅಡ್ಡಿ?